ನಿರಾಶ್ರಿತರ ಸ್ವಾವಲಂಬನೆ ಮತ್ತು ಸಮಾಜದ ಹೊಣೆ

ಮನೆಮಾರು ಕಳೆದುಕೊಂಡು ಬಂದವರಿಗೆ ಮೊದಲು ಬೇಕಾದುದು ಅನ್ನ, ವಸ್ತ್ರ, ವಸತಿ. ಈ ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಅಷ್ಟನ್ನು ನೀಡಿದ ಮಾತ್ರಕ್ಕೆ ಸಮಾಜದ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಒಂದು ಹೊತ್ತಿನ ಊಟ ಆ ಹೊತ್ತಿನ ಹಸಿವನ್ನು ನೀಗಿಸುತ್ತದೆ. ಬಾಗಿದ ತಲೆಯನ್ನು ಎತ್ತಿಸುವುದು ಸ್ವಂತ ದುಡಿಮೆ. ಸಣ್ಣದೊಂದು ಅಂಗಡಿಯನ್ನೋ ಕಸಬನ್ನೋ ಆರಂಭಿಸಲು ಬೇಕಾದ ಸಾಲ, ಪರವಾನಗಿ ಮತ್ತು ಮಾರುಕಟ್ಟೆಯ ಪರಿಚಯ ದೊರೆತಾಗಲೇ ನಿರಾಶ್ರಿತರಿಗೆ ಸಲ್ಲಿಸಿದ ನೆರವು ಪೂರ್ಣವಾಗುತ್ತದೆ.

ಬೆಂಗಳೂರಿನ ದಂಡು ಪ್ರದೇಶ ಈ ಮಾತಿಗೆ ಸಾಕ್ಷಿಯಾಗಿದೆ. 1809ರಲ್ಲಿ ಸ್ಥಾಪನೆಯಾದ ದಂಡು ಹೊರಗಿನಿಂದ ಬಂದವರ ದುಡಿಮೆಯಿಂದಲೇ ಬೆಳೆಯಿತು. ಸೈನ್ಯವನ್ನು ಅನುಸರಿಸಿ ಬಂದ ತಮಿಳರು, ಉರ್ದು ಭಾಷಿಕರು, ಕಛ್ ಕಡೆಯ ವರ್ತಕರು ಇಂದಿನ ಶಿವಾಜಿನಗರ, ಹಲಸೂರುಗಳ ಪೇಟೆಗಳನ್ನು ಕಟ್ಟಿದರು. 1947ರ ಜುಲೈ 26ರಂದು ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. ಮರುತಿಂಗಳೇ ದೇಶ ವಿಭಜನೆಯಾಗಿ, ಸಿಂಧ್ ಪ್ರಾಂತದಿಂದ ಹೊರಟ ಕುಟುಂಬಗಳಲ್ಲಿ ಕೆಲವು ಮುಂಬಯಿಯ ಮಾರ್ಗವಾಗಿ ಇಲ್ಲಿಗೂ ಬಂದವು.

ಹೀಗೆ ಬಂದ ಸಿಂಧಿಗಳ ಬಳಿ ಆಸ್ತಿ ಉಳಿದಿರಲಿಲ್ಲ. ವ್ಯಾಪಾರದ ಅರಿವು ಮತ್ತು ಬಳಗದ ಬೆಂಬಲ ಉಳಿದಿದ್ದವು. ಸರ್ಕಾರವೂ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ನಿರ್ವಸಿತರು ವ್ಯಾಪಾರ ಮತ್ತು ಕೈಗಾರಿಕೆಗಳಲ್ಲಿ ನೆಲೆಗೊಳ್ಳಲು ಸಾಲ ಒದಗಿಸುವ ಸಲುವಾಗಿಯೇ 1948ರಲ್ಲಿ ಪುನರ್ವಸತಿ ಹಣಕಾಸು ಆಡಳಿತವನ್ನು ಕಾಯಿದೆಯ ಮೂಲಕ ಸ್ಥಾಪಿಸಲಾಯಿತು. ಇಂದು ಕಮರ್ಷಿಯಲ್ ಸ್ಟ್ರೀಟ್, ಚಿಕ್ಕಪೇಟೆಗಳ ಜವಳಿ ವ್ಯಾಪಾರದಲ್ಲಿ ಸಿಂಧಿಗಳ ಪಾಲು ಗಣನೀಯ. ಕಾಕ್ಸ್ ಟೌನ್ ಬಳಿಯ ಸಿಂಧಿ ಕಾಲೊನಿಯ ಹೆಸರು ಆ ಕಾಲದ ನೆನಪನ್ನು ಉಳಿಸಿದೆ. ಒಮ್ಮೆ ಆಸರೆ ಬೇಡಿ ಬಂದವರ ಮಳಿಗೆಗಳಲ್ಲಿ ಇಂದು ಸ್ಥಳೀಯರಿಗೆ ಕೆಲಸ ದೊರೆಯುತ್ತಿದೆ.

ಸಿಂಧಿಗಳಿಗೆ ವ್ಯಾಪಾರ ರಕ್ತಗತವಾಗಿತ್ತು, ಎಲ್ಲರಿಗೂ ಅದು ಸಾಧ್ಯವೇ ಎಂದು ಕೇಳಬಹುದು. ಈ ಪ್ರಶ್ನೆಗೆ ಟಿಬೆಟನ್ನರ ಅನುಭವವೇ ಉತ್ತರ. 1960ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ನೆಲೆಸತೊಡಗಿದ ಟಿಬೆಟನ್ನರಲ್ಲಿ ಬಹುಪಾಲು ಜನರು ರೈತರು, ದನಗಾಹಿಗಳು, ಭಿಕ್ಷುಗಳು. ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಕುಟುಂಬಗಳು ಬೆಳೆದವು, ಭೂಮಿ ಬೆಳೆಯಲಿಲ್ಲ. ಆಗ ಅವರ ಕೈಹಿಡಿದುದು ಚಳಿಗಾಲದ ಸ್ವೆಟರ್ ವ್ಯಾಪಾರ. ಲೂಧಿಯಾನದ ಸಗಟು ವರ್ತಕರು ಅಡವಿಲ್ಲದೆ ಸರಕನ್ನು ಕಡವಾಗಿ ಕೊಟ್ಟರು. ಇವರು ಅದನ್ನು ಊರೂರಿನ ಬೀದಿಗಳಲ್ಲಿ ಮಾರಿ, ಋತು ಮುಗಿದ ಮೇಲೆ ಲೆಕ್ಕ ತೀರಿಸಿದರು. ಮರುವರ್ಷವೂ ಕಡ ದೊರೆಯಬೇಕಾದರೆ ಈ ವರ್ಷದ ಬಾಕಿ ಸಲ್ಲಲೇಬೇಕು. ಆಸ್ತಿಪತ್ರವಿಲ್ಲದವರಿಗೆ ಪ್ರಾಮಾಣಿಕತೆಯೇ ಅಡಮಾನವಾಯಿತು. ವ್ಯಾಪಾರದ ಗಂಧವಿಲ್ಲದವರೂ ನಂಬಿಕೆಯ ಸಾಲ ದೊರೆತರೆ ವರ್ತಕರಾಗಬಲ್ಲರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ನಂಬಿಕೆಯಷ್ಟೇ ಸಾಲದು, ಕಾಗದವೂ ಬೇಕು. ಸಿಂಧಿಗಳಿಗೆ ಪೌರತ್ವ ದೊರೆಯಿತು. ಅಂಗಡಿ ತೆರೆಯಲು, ನಿವೇಶನ ಕೊಳ್ಳಲು ಅಡ್ಡಿಯಿರಲಿಲ್ಲ. ಟಿಬೆಟನ್ನರಿಗೆ ವ್ಯಾಪಾರದ ಪರವಾನಗಿಗಳನ್ನು ನೀಡಬಹುದೆಂದು ಕೇಂದ್ರ ಸರ್ಕಾರ ಸ್ಪಷ್ಟವಾದ ನೀತಿ ರೂಪಿಸಿದುದು 2014ರಲ್ಲಿ, ಅವರು ಬಂದು ಅರ್ಧ ಶತಮಾನ ಕಳೆದ ಮೇಲೆ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇನ್ನಿತರ ದೇಶಗಳಿಂದ ಬಂದವರ ಬಳಿ ವಿಶ್ವಸಂಸ್ಥೆಯ ಗುರುತಿನ ಚೀಟಿಯಿದ್ದರೂ ಅದರಿಂದ ದುಡಿಮೆಯ ಹಕ್ಕು ಬರುವುದಿಲ್ಲ. ನಗರದ ಈಶಾನ್ಯ ಅಂಚಿನಲ್ಲಿ ಮ್ಯಾನ್ಮಾರಿನಿಂದ ಬಂದ ಕುಟುಂಬಗಳು ಕಸ ಬೇರ್ಪಡಿಸಿ ಬದುಕುತ್ತಿವೆ. ಅವರು ನಗರವನ್ನು ಶುಚಿಯಾಗಿಸುತ್ತಾರೆ. ಲೆಕ್ಕಪುಸ್ತಕದಲ್ಲಿ ಅವರಿಗೆ ಸ್ಥಾನವಿಲ್ಲ. ಯಾರು ಉಳಿಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಸರ್ಕಾರದ್ದು, ನಿಜ. ಉಳಿದಿರುವಷ್ಟು ಕಾಲ ಮರ್ಯಾದೆಯಿಂದ ದುಡಿದು ಉಣ್ಣಲು ಎಡೆಗೊಡದಿದ್ದರೆ ಲಾಭ ದಲ್ಲಾಳಿಗೆ ಮಾತ್ರ.

ಸ್ಥಳೀಯ ಬಡವರೇ ಕಷ್ಟದಲ್ಲಿರುವಾಗ ಹೊರಗಿನವರ ಚಿಂತೆಯೇಕೆ ಎಂಬ ಆಕ್ಷೇಪ ಸಹಜವಾದುದು, ತಳ್ಳಿಹಾಕತಕ್ಕದ್ದಲ್ಲ. ರಸೆಲ್ ಮಾರುಕಟ್ಟೆಯ ಸುತ್ತ ತಳ್ಳುಗಾಡಿ ನಿಲ್ಲಿಸುವವನಿಗೂ, ಕೆ.ಆರ್. ಪುರದ ಸಂತೆಯಲ್ಲಿ ತರಕಾರಿ ಮಾರುವವಳಿಗೂ ಬೇಕಾದುದು ಅದೇ ಸಣ್ಣ ಸಾಲ, ಅದೇ ನಿಶ್ಚಿತವಾದ ಜಾಗ. 2014ರ ಬೀದಿ ವ್ಯಾಪಾರಿಗಳ ಕಾಯಿದೆ, 2020ರಲ್ಲಿ ಅಡವಿಲ್ಲದೆ 10,000 ರೂಪಾಯಿಗಳ ಮೊದಲ ಸಾಲದೊಡನೆ ಆರಂಭವಾದ ಸ್ವನಿಧಿ ಯೋಜನೆ ಈ ತತ್ತ್ವವನ್ನೇ ಒಪ್ಪಿವೆ. ಅಕ್ಕಪಕ್ಕದ ಇಬ್ಬರು ಬಡವರಲ್ಲಿ ಒಬ್ಬನಿಗೆ ಮಾತ್ರ ನೆರವಾದರೆ ಹಗೆ ಹುಟ್ಟುತ್ತದೆ. ಇಬ್ಬರನ್ನೂ ಒಂದೇ ಸಾಲಸಂಘಕ್ಕೆ ಸೇರಿಸಿದರೆ ನೆರೆಹೊರೆ ಬೆಳೆಯುತ್ತದೆ.

ಇಲ್ಲಿ ವಿದ್ಯಾಸಂಸ್ಥೆಗಳಿಗೂ ಪಾತ್ರವಿದೆ. ದಾನಿಗಳು ಪ್ರತಿವರ್ಷ ಕೊಡುವ ದೇಣಿಗೆಯ ಅಲ್ಪ ಭಾಗವನ್ನು ಮರಳಿ ಬರುವ ಸಾಲನಿಧಿಯಾಗಿ ಮಾರ್ಪಡಿಸಿದರೆ ಒಂದೇ ಹಣ ಹಲವು ಸಂಸಾರಗಳನ್ನು ಎತ್ತಿ ನಿಲ್ಲಿಸಬಲ್ಲದು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾದವರು ಅರ್ಜಿ ಬರೆದುಕೊಡಬಹುದು, ಬ್ಯಾಂಕಿನವರು ಲೆಕ್ಕ ಇಡುವುದನ್ನು ಕಲಿಸಬಹುದು, ವರ್ತಕರು ಸಗಟು ಮಾರಾಟಗಾರರ ಮುಂದೆ ಜಾಮೀನು ನಿಲ್ಲಬಹುದು. ಶಿಕ್ಷಕರಾದರೋ ಸಂಜೆಯ ಒಂದು ಗಂಟೆ ಕನ್ನಡ ಕಲಿಸಬಹುದು. ಗಿರಾಕಿಯ ಭಾಷೆ ಬಾರದ ಅಂಗಡಿಕಾರನಿಗೆ ಎಷ್ಟು ಬಂಡವಾಳವಿದ್ದರೂ ಅದು ಅರ್ಧವೇ ಸರಿ.

ನೀಡುವ ಕೈ ಒಂದು ದಿನ ಹಿಂದೆ ಸರಿಯಲೇಬೇಕು. ಆ ದಿನ ಎದುರಿನವನು ತನ್ನ ಕಾಲಮೇಲೆ ನಿಂತಿರಬೇಕು. ನಿನ್ನೆ ಸಾಲ ಪಡೆದವನು ನಾಳೆ ಮತ್ತೊಬ್ಬನಿಗೆ ಜಾಮೀನು ನಿಲ್ಲುವಂತಾದರೆ, ಕೊಟ್ಟವರ ಹಣವೂ ಶ್ರಮವೂ ಸಾರ್ಥಕ.