ಆವಿಮೋಡದ ಸ್ಫೋಟ: ಲೆಕ್ಕ ಯಾರ ಕೈಯಲ್ಲಿರಬೇಕು?

ಬೆಳಗಾವಿ ಜಿಲ್ಲೆಯ ಮುರಗೋಡದ ಸುತ್ತಣ ಪ್ರದೇಶ ಜೋಳ, ಹತ್ತಿ, ಕಬ್ಬುಗಳ ಸೀಮೆ. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದುವು. ಸಕ್ಕರೆಯ ಬೆನ್ನಿಗೆ ಈಗ ಎಥೆನಾಲ್ ಬಂದಿದೆ. ಪೆಟ್ರೋಲಿನಲ್ಲಿ ಬೆರಸುವುದಕ್ಕಾಗಿ ಈ ಜಿಲ್ಲೆಯ ಹಲವು ಕಾರ್ಖಾನೆಗಳು ಅದನ್ನು ತಯಾರಿಸಿ ದೊಡ್ಡ ತೊಟ್ಟಿಗಳಲ್ಲಿ ಕೂಡಿಡುತ್ತಿವೆ. ಇದರಿಂದ ರೈತನಿಗೂ ನಾಡಿಗೂ ಲಾಭವುಂಟು. ಆದರೆ ಹೊತ್ತಿಕೊಳ್ಳುವ ವಸ್ತುವನ್ನು ರಾಶಿಯಾಗಿ ಕೂಡಿಡುವಲ್ಲೆಲ್ಲ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಅನಾಹುತವಾದರೆ ಅದರ ಪೆಟ್ಟು ಎಷ್ಟು ದೂರ ಮುಟ್ಟೀತು? ವಿಜ್ಞಾನದಲ್ಲಿ ಇದಕ್ಕೆ ಉತ್ತರವುಂಟು. ಆ ಉತ್ತರ ನೆರೆಯ ಊರಿನವರಿಗೂ ತಿಳಿದಿರತಕ್ಕದ್ದೆಂಬುದೇ ನಮ್ಮ ವಾದ.

ಸೋರಿದ ಅನಿಲವಾಗಲಿ, ದ್ರವದಿಂದೆದ್ದ ಆವಿಯಾಗಲಿ ಗಾಳಿಯೊಡನೆ ಬೆರೆತು ಮೋಡದಂತೆ ಹರಡುವುದು. ಅಡುಗೆ ಅನಿಲ, ಪೆಟ್ರೋಲು, ಎಥೆನಾಲ್ ಇವುಗಳ ಆವಿ ಗಾಳಿಗಿಂತ ಭಾರ. ಆದುದರಿಂದ ಅದು ನೆಲವನ್ನು ಹಿಡಿದು ತಗ್ಗಿನತ್ತ ಸರಿಯುವುದು. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಉಪ್ಪಿನಂಗಡಿಯ ಹತ್ತಿರ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರೊಂದು ಉರುಳಿತು. ಸೋರಿದ ಅನಿಲ ರಸ್ತೆಯ ಬದಿಯ ಮನೆಗಳವರೆಗೂ ಹರಡಿ ಹೊತ್ತಿಕೊಂಡು ಹಲವರ ಪ್ರಾಣ ಹೋಯಿತು. ಎಥೆನಾಲ್ ಅಷ್ಟು ಬೇಗ ಆವಿಯಾಗದು, ನಿಜ. ಆದರೆ ತೊಟ್ಟಿ ತುಂಬಿ ಎತ್ತರದಿಂದ ಸುರಿಯುವ ದ್ರವ ಹನಿಹನಿಯಾಗಿ ಒಡೆದಾಗ ಆವಿ ಬೇಗನೆ ಹುಟ್ಟುವುದು.

ಇಂಥ ಮೋಡ ಸಿಡಿದರೆ ಪರಿಣಾಮವೇನೆಂಬುದನ್ನು ಅಳೆಯುವ ಹಳೆಯ ಕ್ರಮ ಸುಲಭವಾದುದು. ಇಂಧನದ ಶಕ್ತಿಯನ್ನು ಟಿ.ಎನ್.ಟಿ. ಎಂಬ ಸಿಡಿಮದ್ದಿನ ಶಕ್ತಿಗೆ ಹೋಲಿಸುವರು. ತೂಕಕ್ಕೆ ತೂಕ ಹಿಡಿದರೆ ಅಡುಗೆ ಅನಿಲದಲ್ಲಿ ಟಿ.ಎನ್.ಟಿ.ಯ ಸುಮಾರು ಹತ್ತು ಮಡಿ ಶಕ್ತಿಯಿದೆ. ಆದರೆ ಅದರಲ್ಲಿ ನೂರಕ್ಕೆ 3ರಿಂದ 10 ಪಾಲು ಮಾತ್ರ ಪೆಟ್ಟಿನ ಅಲೆಯಾಗುವುದೆಂದು ಎಣಿಸುವರು. ಹೀಗೆ 1 ಟನ್ ಅನಿಲ 300 ಕಿಲೋದಿಂದ 1 ಟನ್‌ವರೆಗಿನ ಟಿ.ಎನ್.ಟಿ.ಗೆ ಸಮ. ಅಲೆ ಮುಟ್ಟುವ ದೂರವು ಈ ತೂಕದ ಘನಮೂಲವನ್ನು ಅನುಸರಿಸುವುದು: ತೂಕ 8 ಮಡಿಯಾದರೆ ದೂರ 2 ಮಡಿ. ಆದುದರಿಂದ ಮೇಲಿನ ಎರಡು ಎಣಿಕೆಗಳೊಳಗೆ ದೂರದ ಅಂತರ ಒಂದೂವರೆ ಮಡಿಯಷ್ಟೆ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಮಾಡಿ ನೋಡಬಹುದು.

ಆದರೆ ಮೋಡವು ಸಿಡಿಮದ್ದಿನ ಗಟ್ಟಿಯಲ್ಲ. ಬಯಲಿನಲ್ಲಿ ಅದು ಬಹುಮಟ್ಟಿಗೆ ಉರಿದುಹೋಗುವುದು, ಸಿಡಿಯದು. ಕೊಳವೆಗಳೂ ಕಂಬಗಳೂ ಒತ್ತಾಗಿರುವಲ್ಲಿ ಜ್ವಾಲೆ ಕಲಕಲ್ಪಟ್ಟು ವೇಗಗೊಳ್ಳುವುದು. ವೇಗ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದು. ಆದುದರಿಂದ 1980ರ ದಶಕದಲ್ಲಿ ಡಚ್ ವಿಜ್ಞಾನಿಗಳು ಇಡೀ ಮೋಡವನ್ನಲ್ಲ, ಅದರೊಳಗಿನ ಒತ್ತಾದ ಎಡೆಗಳನ್ನೇ ಎಣಿಸುವ ಕ್ರಮವನ್ನು ರೂಪಿಸಿದರು. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡಿನಲ್ಲಿ ಪೆಟ್ರೋಲಿನ ತೊಟ್ಟಿ ತುಂಬಿ ಹರಿದು ಉಂಟಾದ ಸ್ಫೋಟ ಯಾರ ಲೆಕ್ಕಕ್ಕೂ ಸಿಗದಷ್ಟು ಬಲವಾಗಿತ್ತು. ರಸ್ತೆಯ ಬದಿಯ ಮರಗಿಡಗಳ ಒತ್ತು ಸಾಲೇ ಜ್ವಾಲೆಯನ್ನು ಕೆರಳಿಸಿತೆಂದು ತನಿಖೆಯಿಂದ ತಿಳಿದುಬಂತು. ಭಾನುವಾರದ ಮುಂಜಾವಾದುದರಿಂದ ಅಲ್ಲಿ ಯಾರೂ ಸಾಯಲಿಲ್ಲ. 2009ರ ಅಕ್ಟೋಬರ್ 29ರಂದು ನಮ್ಮ ಜಯಪುರದಲ್ಲಿ ಸುಮಾರು 1,000 ಟನ್ ಪೆಟ್ರೋಲು ಸೋರಿ ಅಂಥದೇ ಸ್ಫೋಟವಾದಾಗ 11 ಜನ ಸತ್ತರು.

ಲೆಕ್ಕದಲ್ಲಿ ಸಂದೇಹವಿದ್ದ ಮೇಲೆ ಅದು ವ್ಯರ್ಥವೆನ್ನಬಹುದೆ? ಹಾಗಲ್ಲ. ಗಾಳಿಯ ಒತ್ತಡ ಸಹಜಕ್ಕಿಂತ ನೂರಕ್ಕೆ 7 ಪಾಲು ಹೆಚ್ಚಿದರೆ 1 ಮೀಟರು ಅಗಲ, 2 ಮೀಟರು ಎತ್ತರದ ಬಾಗಿಲಿನ ಮೇಲೆ ಸುಮಾರು 1,400 ಕಿಲೋ ಭಾರ ಬಿದ್ದಂತೆ. ಅಷ್ಟಕ್ಕೇ ಗಾಜು ಚೂರಾಗುವುದು, ಮನೆ ಜಖಂಗೊಳ್ಳುವುದು. ಅಂಥ ಒತ್ತಡದ ವಲಯದಲ್ಲಿ ಶಾಲೆ ಕಟ್ಟಬಾರದೆಂಬುದನ್ನು ತಿಳಿಯಲು ಗೆರೆ ಕೂದಲೆಳೆಯಷ್ಟು ನಿಖರವಾಗಬೇಕಿಲ್ಲ. ಸಂದೇಹವಿದ್ದಲ್ಲಿ ದೊಡ್ಡ ವಲಯವನ್ನೇ ಹಿಡಿಯುವುದು ವಿವೇಕ.

ನಿಗದಿಯಾದ ಪ್ರಮಾಣಕ್ಕಿಂತ ಹೆಚ್ಚು ಅಪಾಯಕಾರಿ ರಾಸಾಯನಿಕಗಳನ್ನು ಇಟ್ಟುಕೊಂಡವರು ಸುತ್ತಲಿನವರಿಗೆ ಅಪಾಯದ ಸ್ವರೂಪವನ್ನೂ ಮಾಡತಕ್ಕ ಮಾಡಬಾರದ ಕೆಲಸಗಳನ್ನೂ ತಿಳಿಸಬೇಕೆಂದು 1989ರ ಕೇಂದ್ರ ನಿಯಮಗಳೇ ವಿಧಿಸಿವೆ. ಜನ ಹೆದರುವರೆಂದು ಕೆಲವರು ಆಕ್ಷೇಪಿಸಬಹುದು. ಆದರೆ ತಿಳಿಯದವನು ಬಿಳಿಯ ಮಂಜನ್ನು ನೋಡಲು ಓಡುವನು, ಗಾಡಿಯನ್ನು ಚಾಲೂ ಮಾಡುವನು. ತಿಳಿದವನು ಒಲೆಯಾರಿಸಿ, ಕಿಡಿಯೆಬ್ಬಿಸದೆ, ಗಾಳಿ ಬೀಸಿಬರುವ ದಿಕ್ಕಿನ ಕಡೆಯ ಎತ್ತರಕ್ಕೆ ಸರಿಯುವನು. ಹೆದರಿಕೆಗಿಂತ ಅಜ್ಞಾನ ಹೆಚ್ಚು ಪ್ರಾಣ ತೆಗೆಯುವುದು.

ಆದುದರಿಂದ ಇಂಥ ಪ್ರತಿಯೊಂದು ಕಾರ್ಖಾನೆಯ ಅಪಾಯವಲಯದ ನಕ್ಷೆ, ಕನ್ನಡದ ವಿವರಣೆಯೊಡನೆ, ನೆರೆಯ ಪಂಚಾಯತಿಯ ಗೋಡೆಯ ಮೇಲೂ ಶಾಲೆಯಲ್ಲೂ ಇರಬೇಕು. ವಲಯದೊಳಗೆ ಹೊಸ ಮನೆಗೆ ಪರವಾನಗಿ ಕೊಡಬಾರದು. ಘನಮೂಲವನ್ನು ಕಲಿತ ವಿದ್ಯಾರ್ಥಿ ಆ ನಕ್ಷೆಯನ್ನು ಓದಿ ಮನೆಯ ಹಿರಿಯರಿಗೆ ವಿವರಿಸಬಲ್ಲನು. ಕಲಿತ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ತೋರದು.