ಚಕ್ರ ಒರೆಸುವುದು ಜೂನಿಯರ್‌ಗಳ ಕೆಲಸವೇ?

ರೋಬೋಟ್ ಸ್ಪರ್ಧೆಗೆ ತಂಡ ಕಟ್ಟುವಾಗ ಕೆಲಸ ಹಂಚುವ ಒಂದು ಕ್ರಮ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪ್ರೋಗ್ರಾಂ ಬರೆಯುವವರು ದ್ವಿತೀಯ ಪಿಯುಸಿಯವರು. ಮೋಟಾರು, ಸೆನ್ಸರ್ ಜೋಡಿಸುವವರೂ ಅವರೇ. ಪ್ರಥಮ ಪಿಯುಸಿಯವರ ಕೈಗೆ ಸಿಗುವುದು ಒಂದು ಬಟ್ಟೆಯ ಚೂರು ಮತ್ತು "ಚಕ್ರ ಒರೆಸಿ ಕೊಡು" ಎಂಬ ಮಾತು. ಒರೆಸಿದವರ ಹೆಸರು ವರದಿಯಲ್ಲಿ ಬರುವುದಿಲ್ಲ. ಈ ಕ್ರಮ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಇದರಿಂದ ಜೂನಿಯರ್‌ಗಳಿಗೆ ಅನ್ಯಾಯವಾಗುತ್ತದೆ, ಜೊತೆಗೆ ರೋಬೋಟೂ ಸೋಲುತ್ತದೆ.

ಘರ್ಷಣೆಯ ಪಾಠವನ್ನು ವಿಜ್ಞಾನ ವಿಭಾಗದವರೆಲ್ಲ ಓದಿದ್ದೇವೆ. ಚಕ್ರ ತಿರುಗಿದರೆ ಸಾಲದು, ಅದು ನೆಲವನ್ನು ಹಿಡಿಯಬೇಕು. ಟೈರಿಗೂ ಟ್ರ್ಯಾಕಿಗೂ ನಡುವೆ ಧೂಳು ಕುಳಿತರೆ ಹಿಡಿತ ತಪ್ಪಿ ಚಕ್ರ ಜಾರುತ್ತದೆ. ಎನ್‌ಕೋಡರ್ ಎಣಿಸುವುದು ಚಕ್ರದ ಸುತ್ತುಗಳನ್ನು ಮಾತ್ರ. ಜಾರಿದ್ದು ಅದಕ್ಕೆ ತಿಳಿಯುವುದಿಲ್ಲ.

ಬಣ್ಣದ ಕಾಟ ಇನ್ನೊಂದು ಬಗೆಯದು. ಪ್ಲೈವುಡ್ ಟ್ರ್ಯಾಕಿಗೆ ಬಳಿದ ಬಣ್ಣ ಪೂರ್ತಿ ಒಣಗದಿದ್ದರೆ ಅದು ಟೈರಿಗೆ ಅಂಟಿ ಪದರ ಕಟ್ಟುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಚಕ್ರದ ವ್ಯಾಸ 65 ಮಿ.ಮೀ. ಎಂದಿಟ್ಟುಕೊಳ್ಳಿ. ಎಡಚಕ್ರಕ್ಕೆ ಮಾತ್ರ ಸುತ್ತಲೂ ಕಾಲು ಮಿ.ಮೀ. ಪದರ ಕಟ್ಟಿದರೆ ಅದರ ವ್ಯಾಸ 65.5 ಮಿ.ಮೀ. ಆಗುತ್ತದೆ. ಪ್ರತಿ ಸುತ್ತಿಗೆ ಅದು ಬಲಚಕ್ರಕ್ಕಿಂತ ಸುಮಾರು 1.6 ಮಿ.ಮೀ. ಹೆಚ್ಚು ಓಡುತ್ತದೆ. 10 ಸುತ್ತಿಗೆ, ಅಂದರೆ ಸುಮಾರು 2 ಮೀಟರಿಗೆ, 16 ಮಿ.ಮೀ. ವ್ಯತ್ಯಾಸ. ಎರಡು ಚಕ್ರಗಳ ನಡುವೆ 13 ಸೆಂ.ಮೀ. ಅಂತರವಿದ್ದರೆ ರೋಬೋಟ್ ಸುಮಾರು 7 ಡಿಗ್ರಿ ಬಲಕ್ಕೆ ತಿರುಗಿರುತ್ತದೆ. ನೇರ ಹೋಗು ಎಂದು ಪ್ರೋಗ್ರಾಂ ಹೇಳಿದ್ದರೂ ಅಷ್ಟೇ! ಆಗ ಪ್ರೋಗ್ರಾಂ ಬರೆದವರು ಅಂಕಿಗಳನ್ನು ಬದಲಾಯಿಸುತ್ತಾ ಕೂರುತ್ತಾರೆ. ಚಕ್ರವನ್ನು ನೋಡುವುದಿಲ್ಲ, ಯಾಕೆಂದರೆ ಅದು ಅವರ ಕೆಲಸವಲ್ಲ.

ಒರೆಸುವವರಿಗೆ ಮಾತ್ರ ಕಾಣುವ ಸಂಗತಿಗಳಿವೆ. ಟೈರಿನ ಒಂದೇ ಅಂಚಿನಲ್ಲಿ ಕೊಳೆ ಇದ್ದರೆ ಚಕ್ರ ಓರೆಯಾಗಿ ಕುಳಿತಿರಬಹುದು. ಪಕ್ಕದಲ್ಲಿ ಬಣ್ಣ ಹತ್ತಿದ್ದರೆ ಅದು ಗೋಡೆಗೆ ಉಜ್ಜಿಕೊಂಡು ಹೋಗಿದೆ. ಆಕ್ಸಲ್‌ಗೆ ಕೂದಲು, ದಾರ ಸುತ್ತಿದ್ದರೆ ಮೋಟಾರಿಗೆ ಭಾರ ಬಿದ್ದು ಬ್ಯಾಟರಿ ಬೇಗ ಇಳಿಯುತ್ತದೆ. ವೈದ್ಯರು ನಾಡಿ ನೋಡುವ ಹಾಗೆ ಇದೂ ಒಂದು ಪರೀಕ್ಷೆ. ಇದನ್ನು ಪ್ರೋಗ್ರಾಂ ಬರೆದವರೇ ನೋಡಬೇಕು, ಇಲ್ಲವೇ ನೋಡಿದವರ ಮಾತನ್ನು ಕೇಳಬೇಕು.

ಸ್ಪರ್ಧೆಗಳಲ್ಲಿ ಪಳಗಿದವರು ಇದನ್ನು ಕೀಳು ಕೆಲಸ ಎನ್ನುವುದಿಲ್ಲ. ಮೈಕ್ರೋಮೌಸ್ ಎಂಬ ಸ್ಪರ್ಧೆ ಜಪಾನಿನಲ್ಲಿ 1980ರಿಂದ ನಡೆಯುತ್ತಿದೆ. ಪುಟ್ಟ ರೋಬೋಟ್ 16 ಸಾಲು, 16 ಕಂಬಸಾಲಿನ ಚೌಕಗಳ ಜಟಿಲ ದಾರಿಯಲ್ಲಿ ತಾನೇ ದಾರಿ ಹುಡುಕಬೇಕು. ಅಲ್ಲಿನ ಸ್ಪರ್ಧಿಗಳು ಓಟಕ್ಕೆ ಮುಂಚೆ ಟೈರುಗಳನ್ನು ಅಂಟುಟೇಪಿನ ಮೇಲೆ ಒತ್ತಿ ಧೂಳು ತೆಗೆಯುತ್ತಾರೆ. ರೋಬೋ ಸುಮೊದಲ್ಲಿ ಟೈರಿಗಾಗಿಯೇ ಒಂದು ನಿಯಮವಿದೆ. ಚಕ್ರವನ್ನು ಎ4 ಹಾಳೆಯ ಮೇಲಿಟ್ಟು ಎತ್ತಿದಾಗ ಹಾಳೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಅಂಟಿಕೊಂಡಿರಬಾರದು. ಅಂದರೆ ಟೈರು ಶುಚಿಯಾಗಿರಬೇಕು, ಆದರೆ ಅಂಟು ಹಚ್ಚಿ ಮೋಸ ಮಾಡಬಾರದು.

ಶುಚಿ ಮಾಡುವುದಕ್ಕೂ ಕ್ರಮವಿದೆ. ಮೊದಲು ಬ್ಯಾಟರಿ ಕಳಚಿ. ಒಣ ಟೂತ್‌ಬ್ರಷ್‌ನಿಂದ ಧೂಳು ಉದುರಿಸಿ, ಉಳಿದದ್ದನ್ನು ಅಂಟುಟೇಪಿಗೆ ಒತ್ತಿ ತೆಗೆಯಿರಿ. ನೀರಿನ ಬಣ್ಣವಾದರೆ ಚಕ್ರ ಬಿಚ್ಚಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಉಜ್ಜಿ. ಗಟ್ಟಿಯಾದ ಬಣ್ಣವನ್ನು ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಮೆಲ್ಲಗೆ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ತೇವದ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಒಣಗಲು ಬಿಡಿ. ಬೆಂಕಿ ಹತ್ತಿರ ಇರಬಾರದು. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಬಣ್ಣದ ಜೊತೆ ರಬ್ಬರೂ ಪ್ಲಾಸ್ಟಿಕ್ಕೂ ಹಾಳಾಗುತ್ತವೆ, ಬೆಂಕಿಯ ಅಪಾಯವೂ ಹೆಚ್ಚು.

"ನಾವೂ ಹೀಗೆ ಒರೆಸಿಯೇ ಮೇಲೆ ಬಂದವರು, ಜೂನಿಯರ್‌ಗಳು ಕೆಳಗಿನಿಂದಲೇ ಕಲಿಯಲಿ" ಎಂದು ಕೆಲವು ಸೀನಿಯರ್‌ಗಳು ಹೇಳುತ್ತಾರೆ. ಕೆಳಗಿನಿಂದ ಕಲಿಯುವುದು ಸರಿ. ಆದರೆ ಬಟ್ಟೆ ಕೊಟ್ಟು ಸುಮ್ಮನಾದರೆ ಕಲಿಸಿದಂತಾಗುವುದಿಲ್ಲ. ಪಿಯುಸಿ ಇರುವುದೇ ಎರಡು ವರ್ಷ. ಮೊದಲ ವರ್ಷ ಬಟ್ಟೆ ಹಿಡಿದೇ ಕಳೆದರೆ, ನಾವು ಪರೀಕ್ಷೆ ಬರೆದು ಹೊರಟ ಮೇಲೆ ಈ ರೋಬೋಟನ್ನು ಓಡಿಸುವವರು ಯಾರು?

ಆದ್ದರಿಂದ ಉಪನ್ಯಾಸಕರಲ್ಲಿ ಮತ್ತು ಗೆಳೆಯ ಗೆಳತಿಯರಲ್ಲಿ ಮೂರು ಕೋರಿಕೆಗಳು. ಚಕ್ರ ಶುಚಿ ಮಾಡುವ ಸರದಿಯಲ್ಲಿ ತಂಡದ ನಾಯಕರೂ ಇರಲಿ. ಯಾವ ಚಕ್ರದಲ್ಲಿ ಏನು ಕಂಡಿತು ಎಂದು ಬರೆಯಲು ಪ್ರಯೋಗಾಲಯದಲ್ಲಿ ಒಂದು ನೋಟ್‌ಬುಕ್ ಇಡೋಣ. ಚಕ್ರ ಒರೆಸಿದ ಪ್ರಥಮ ಪಿಯುಸಿಯವರಿಗೆ ಅದೇ ದಿನ ಅರ್ಧ ಗಂಟೆ ಲ್ಯಾಪ್‌ಟಾಪ್ ಮುಂದೆ ಕುಳಿತು ಪ್ರೋಗ್ರಾಂ ಕಲಿಯುವ ಅವಕಾಶ ಸಿಗಲಿ. ಇದಕ್ಕೆ ಖರ್ಚೇನೂ ಇಲ್ಲ. ಮುಂದಿನ ಸ್ಪರ್ಧೆಯ ತಯಾರಿಯಿಂದಲೇ ಶುರು ಮಾಡಬಹುದು.