ಪಕ್ಕದ ರೂಮಿಗೆ ಕೇಳಿಸಿದ ಹಾಡು

ಈ ಬರಹದಲ್ಲಿ ‘ನಾವು’ ಅಂದರೆ ಐದು ಜನ. ಎಲ್ಲರೂ ಎರಡನೇ ವರ್ಷ, ಬ್ರಾಂಚ್ ಬೇರೆ ಬೇರೆ. ಮೂವರು ಕ್ಯಾಥೊಲಿಕ್, ಇಬ್ಬರು ಸಿಎಸ್‌ಐ ಸಭೆಯವರು. ಪ್ರತಿ ಶುಕ್ರವಾರ ಸಂಜೆ ಹಾಸ್ಟೆಲ್‌ನ ಎರಡನೇ ಮಹಡಿಯಲ್ಲಿ ಒಬ್ಬರ ರೂಮಿನಲ್ಲಿ ಕೂತು ಒಂದು ಗಂಟೆ ಪ್ರಾರ್ಥನೆ ಮಾಡ್ತೀವಿ. ಒಂದು ಗಿಟಾರ್ ಇದೆ, ಅದರಲ್ಲಿ ಈಗ ಐದೇ ತಂತಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಒತ್ತಕ್ಷರ ತಪ್ಪಿದ್ದರೆ ಸಂಘದ ಗೆಳೆಯರು ತಿದ್ದಿಕೊಳ್ಳಲಿ.

ಕ್ಯಾಂಪಸ್ ಪತ್ರಿಕೆಯಲ್ಲಿ ಚರ್ಚಿನ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಾವು ಯಾರಿಗೂ ಬೋಧನೆ ಮಾಡೋಕೆ ಬಂದಿಲ್ಲ. ಒಂದು ತಪ್ಪು ಮಾಡಿದ್ವಿ. ಅದರ ಬಗ್ಗೆ ಮಾತಾಡ್ತಾ ಮಾತಾಡ್ತಾ ನಮ್ಮ ನಂಬಿಕೆಯ ಬಗ್ಗೆಯೇ ಒಂದು ಅಭಿಪ್ರಾಯ ಗಟ್ಟಿಯಾಯ್ತು. ಅದನ್ನ ಇಲ್ಲಿ ಬರೀತಿದ್ದೀವಿ.

ಕಳೆದ ಸೆಮಿಸ್ಟರ್, ಸೆಕೆಂಡ್ ಇಂಟರ್ನಲ್ಸ್ ವಾರ. ಪಕ್ಕದ ರೂಮಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಜೂನಿಯರ್ ಇದ್ದ. ಅವನ ರೂಮ್‌ಮೇಟ್ ಊರಿಗೆ ಹೋಗಿದ್ದ. ಹುಡುಗನಿಗೆ ಬುಧವಾರದಿಂದ ಜ್ವರ. ನಮಗೆ ಗೊತ್ತೇ ಇರಲಿಲ್ಲ ಅಂದರೆ ಸುಳ್ಳಾಗತ್ತೆ. ಬಾಗಿಲ ಹೊರಗೆ ಅವನ ಚಪ್ಪಲಿ ಎರಡು ದಿನದಿಂದ ಕದಲಿರಲಿಲ್ಲ, ಅದನ್ನ ದಾಟಿಕೊಂಡೇ ಓಡಾಡಿದ್ವಿ. ಮೆಸ್‌ನಲ್ಲಿ ಕಾಣಲಿಲ್ಲ. ಓದ್ತಿರಬೇಕು ಅಂದುಕೊಂಡ್ವಿ. ಶುಕ್ರವಾರ ಎಂದಿನಂತೆ ಕೂತು ಹಾಡಿದ್ವಿ. ನಮ್ಮಲ್ಲೊಬ್ಬ ಕಣ್ಣು ಮುಚ್ಚಿ ಲೋಕದ ಎಲ್ಲ ರೋಗಿಗಳಿಗಾಗಿ ಬೇಡಿಕೊಂಡ. ಉಳಿದವರು ಆಮೆನ್ ಅಂದ್ವಿ. ಆ ಆಮೆನ್‌ಗೂ ಅವನ ಮಂಚಕ್ಕೂ ನಡುವೆ ಇದ್ದಿದ್ದು, ಸಿವಿಲ್‌ನವನ ಲೆಕ್ಕದಲ್ಲಿ, ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ.

ರಾತ್ರಿ ಹನ್ನೊಂದರ ಹೊತ್ತಿಗೆ ಅವನ ಬಾಗಿಲು ತಟ್ಟಿದವನು ನಮ್ಮ ಕ್ಲಾಸಿನ ಇನ್ನೊಬ್ಬ. ದೇವರೇ ಇಲ್ಲ ಅಂತ ಮೆಸ್‌ನಲ್ಲಿ ನಮ್ಮ ಜೊತೆ ಗಂಟೆಗಟ್ಟಲೆ ವಾದ ಮಾಡುವವನು. ಚಾರ್ಜರ್ ಕೇಳೋಕೆ ಹೋಗಿದ್ದನಂತೆ. ಹುಡುಗನ ಮುಖ ನೋಡಿ ಆಟೊ ಕರೆಸಿ ಆಸ್ಪತ್ರೆಗೆ ಕರ್ಕೊಂಡು ಹೋದ. ಡೆಂಗ್ಯೂ. ಪ್ಲೇಟ್‌ಲೆಟ್ ಇಳಿದಿತ್ತು. ಅಪ್ಪ ಅಮ್ಮ ಊರಿಂದ ಬರೋವರೆಗೂ ಜೊತೆಗೇ ಕೂತಿದ್ದ, ಶನಿವಾರದ ಇಂಟರ್ನಲ್ಸ್ ಬಿಟ್ಟು.

ಹತ್ತು ದಿನ ಆದಮೇಲೆ ಹುಡುಗ ವಾಪಸ್ ಬಂದ. ನಾವು ಹಣ್ಣು ತಗೊಂಡು ನೋಡೋಕೆ ಹೋದ್ವಿ. ಅವನು ಯಾವ ಕೋಪವೂ ಇಲ್ಲದೆ ಹೇಳಿದ: “ಅವತ್ತ ನೀವು ಹಾಡೂದು ಕೇಳಸ್ತಿತ್ರೀ ಅಣ್ಣಾ. ಭಾಳ ಚಲೋ ಹಾಡ್ತೀರಿ.” ನಮಗೆ ಬಂದ ಮೆಚ್ಚುಗೆಗಳಲ್ಲಿ ಇಷ್ಟು ನೋವಾಗಿದ್ದು ಇನ್ನೊಂದಿಲ್ಲ.

ಬೈಬಲ್ ಓದಿಲ್ಲದವರಿಗೂ ಒಳ್ಳೆಯ ಸಮಾರ್ಯದವನ ಕಥೆ ಎಲ್ಲೋ ಕೇಳಿ ಗೊತ್ತಿರತ್ತೆ. ಲೂಕನ ಸುವಾರ್ತೆಯಲ್ಲಿ ಬರುವ ಸಾಮ್ಯ. ದಾರಿಯಲ್ಲಿ ಕಳ್ಳರು ಹೊಡೆದುಹಾಕಿದ ಒಬ್ಬ ಬಿದ್ದಿರ್ತಾನೆ. ಮೊದಲು ಬಂದ ಯಾಜಕ ಆಚೆ ಬದಿಯಿಂದ ಹೋಗ್ತಾನೆ. ಆಮೇಲೆ ಬಂದ ಲೇವಿಯೂ ಹಾಗೇ. ಇಬ್ಬರೂ ದೇವಾಲಯದ ಜನ. ನಿಂತು ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ಕೈಯಿಂದ ದುಡ್ಡು ಕೊಟ್ಟವನು ಸಮಾರ್ಯದವನು, ಅಂದರೆ ಆ ಕಥೆ ಕೇಳ್ತಿದ್ದ ಯೆಹೂದ್ಯರು ಹೊರಗಿನವನು ಅಂತ ದೂರ ಇಟ್ಟಿದ್ದ ಜನಾಂಗದವನು. ಭಾನುವಾರದ ಶಾಲೆಯಲ್ಲಿ ಈ ಕಥೆ ನಾಟಕ ಮಾಡಿದಾಗಲೆಲ್ಲ ನಾವು ಸಮಾರ್ಯದವನ ಪಾತ್ರಕ್ಕೇ ಜಗಳ ಆಡಿದ್ವಿ. ಹಾಸ್ಟೆಲ್‌ನಲ್ಲಿ ನಮಗೆ ಬಂದಿದ್ದು ಯಾಜಕನ ಪಾತ್ರ.

ಆ ವಾರ ನಮ್ಮಲ್ಲೇ ದೊಡ್ಡ ಚರ್ಚೆ ಆಯ್ತು. “ಇನ್ನು ಪ್ರಾರ್ಥನೆ ಸಾಕು. ಆ ಒಂದು ಗಂಟೆ ಯಾರಿಗಾದ್ರೂ ಸಹಾಯ ಮಾಡೋಣ” ಅಂದ ಒಬ್ಬ. ಕೇಳೋಕೆ ಸರಿ ಅನಿಸತ್ತೆ. ಆದರೆ ನಮಗೆ ಇನ್ನೊಂದು ವಿಷಯ ನೆನಪಿತ್ತು. ಮೊದಲ ವರ್ಷ ಕ್ರಿಸ್ಮಸ್ ಟೈಮಲ್ಲಿ ಒಂದು ವೃದ್ಧಾಶ್ರಮಕ್ಕೆ ಹೋಗಿದ್ವಿ. ಕೇಕ್ ಹಂಚಿದ್ವಿ, ಹಾಡಿದ್ವಿ, ಫೋಟೊ ಹಾಕಿದ್ವಿ. “ಮತ್ತೆ ಬರ್ತೀರಾ ಮಗಾ?” ಅಂತ ಒಬ್ಬ ಅಜ್ಜಿ ಕೈ ಹಿಡ್ಕೊಂಡು ಕೇಳಿದ್ರು. ಬರ್ತೀವಿ ಅಂದ್ವಿ. ಹೋಗಲಿಲ್ಲ. ಪ್ರಾರ್ಥನೆ ಅಡ್ಡ ಬಂದಿದ್ದಕ್ಕೆ ಹೋಗದೇ ಇದ್ದಿದ್ದಲ್ಲ. ಹುಮ್ಮಸ್ಸು ಮುಗೀತು, ಅಷ್ಟೇ. ಒಳ್ಳೇತನದ ಹುಮ್ಮಸ್ಸು ಫೋನಿನ ಬ್ಯಾಟರಿ ಥರ, ಎಲ್ಲಾದರೂ ಪ್ಲಗ್ ಹಾಕದೆ ಬಹಳ ದಿನ ನಡೆಯಲ್ಲ.

ಇಲ್ಲಿ ಫಾದರ್ ಡೇಮಿಯನ್ ಅವರ ವಿಷಯ ಹೇಳಬೇಕು. ಬೆಲ್ಜಿಯಂನವರು, 1840ರಲ್ಲಿ ಹುಟ್ಟಿದವರು. ಆ ಕಾಲದಲ್ಲಿ ಕುಷ್ಠರೋಗಕ್ಕೆ ಮದ್ದಿರಲಿಲ್ಲ. ಹವಾಯಿ ಸರ್ಕಾರ 1866ರಿಂದ ರೋಗಿಗಳನ್ನ ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟ. ಹೋದವರು ವಾಪಸ್ ಬರುವ ಮಾತೇ ಇಲ್ಲ. 1873ರಲ್ಲಿ ಡೇಮಿಯನ್ ತಾವಾಗೇ ಕೇಳಿಕೊಂಡು ಅಲ್ಲಿಗೆ ಹೋದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಅಲ್ಲಿ ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ಪಾದ್ರಿಗಿಂತ ಸೈಟ್ ಎಂಜಿನಿಯರ್ ನೆನಪಾಗ್ತಾರೆ. ಮನೆ ಕಟ್ಟಿದರು. ಕಣಿವೆಯಲ್ಲಿ ನೀರಿನ ಮೂಲ ಹುಡುಕಿ, ಪೈಪ್ ತರಿಸಿ, ರೋಗಿಗಳ ಜೊತೆ ಸೇರಿ ಲೈನ್ ಹಾಕಿದರು. ಗಾಯ ತೊಳೆದು ಕಟ್ಟಿದರು. ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಅಲ್ಲಿದ್ದವರೆಲ್ಲ ಅವರ ಚರ್ಚಿನವರಲ್ಲ. ಪ್ರಾಟೆಸ್ಟೆಂಟರು ಇದ್ದರು, ಮಾರ್ಮನ್ನರು ಇದ್ದರು, ಯಾವುದೂ ಬೇಡ ಅನ್ನುವವರೂ ಇದ್ದರು. ಪೈಪಿನ ನೀರು ಎಲ್ಲರ ಮನೆಗೂ ಬಂತು.

ಹನ್ನೊಂದು ವರ್ಷದ ನಂತರ ರೋಗ ಅವರಿಗೂ ಬಂದಿದ್ದು ಖಚಿತವಾಯ್ತು. ಆದರೂ ಬಿಡಲಿಲ್ಲ. 1889ರಲ್ಲಿ ಅಲ್ಲೇ ತೀರಿಕೊಂಡರು. ಹದಿನಾರು ವರ್ಷ! ನಮಗೆ ಎರಡನೇ ಸಲ ವೃದ್ಧಾಶ್ರಮಕ್ಕೆ ಹೋಗೋಕೆ ಆಗಲಿಲ್ಲ. ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿದಾಗ ಅವರ ಪತ್ರಗಳ ಬಗ್ಗೆ ಓದಿದ್ವಿ. ಪರಮಪ್ರಸಾದದ ಮುಂದೆ ಕೂತು ಮಾಡುವ ಪ್ರಾರ್ಥನೆ ಇಲ್ಲದಿದ್ದರೆ ಆ ಜಾಗದಲ್ಲಿ ತಡೆದುಕೊಳ್ಳೋಕೇ ಆಗುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಮೊದಮೊದಲು ಒಮ್ಮೆ ಅವರ ಮೇಲಧಿಕಾರಿ ಹಡಗಿನಲ್ಲಿ ಬಂದಾಗ ಇವರನ್ನ ಹತ್ತಿಸಿಕೊಳ್ಳಲಿಲ್ಲ. ಡೇಮಿಯನ್ ಕೆಳಗೆ ದೋಣಿಯಲ್ಲಿ ನಿಂತು, ಮೇಲಿದ್ದವರಿಗೆ ಕೇಳುವಂತೆ ಕೂಗಿ ತಮ್ಮ ಪಾಪನಿವೇದನೆ ಮಾಡಿಕೊಂಡರು. ದೇವರ ಹತ್ತಿರ ಇರೋದು ಅವರಿಗೆ ಅಷ್ಟು ಬೇಕಾಗಿತ್ತು, ಮರ್ಯಾದೆ ಹೋದರೂ ಪರವಾಗಿಲ್ಲ ಅನ್ನುವಷ್ಟು. ಹಾಗಾಗಿ ಪ್ರಾರ್ಥನೆ ಬಿಟ್ಟು ಸೇವೆ ಮಾಡೋಣ ಅನ್ನೋ ನಮ್ಮ ಗೆಳೆಯನ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಡೇಮಿಯನ್‌ಗೆ ಪ್ರಾರ್ಥನೆ ನಿಂತಿದ್ದರೆ ಪೈಪ್‌ಲೈನ್ ಕೆಲಸವೂ ನಿಲ್ಲುತ್ತಿತ್ತು.

ಇನ್ನೊಂದು ಸಣ್ಣ ವಿಷಯ ನಮ್ಮನ್ನ ಬಹಳ ಕಾಡಿತು. ಡೇಮಿಯನ್ ಶುರುವಿನಿಂದಲೇ, ತಮಗೆ ರೋಗ ಇನ್ನೂ ಬರದೇ ಇದ್ದಾಗಲೇ, ಪ್ರಸಂಗದಲ್ಲಿ ಜನರನ್ನ ಕುರಿತು ‘ನೀವು ರೋಗಿಗಳು’ ಅನ್ನುತ್ತಿರಲಿಲ್ಲ, ‘ನಾವು ರೋಗಿಗಳು’ ಅನ್ನುತ್ತಿದ್ದರು. ನಮ್ಮಲ್ಲಿ ಮೂವರು ದಕ್ಷಿಣ ಕನ್ನಡದವರು, ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡಿದೆ. ಎದುರಿಗೆ ಇರುವವನನ್ನ ಬಿಟ್ಟು ನಾವು ಅನ್ನಬೇಕಾದರೆ ‘ಎಂಕುಲು’. ಅವನನ್ನೂ ಸೇರಿಸಿಕೊಂಡರೆ ‘ನಮ’. ನಮ್ಮ ಶುಕ್ರವಾರದ ಪ್ರಾರ್ಥನೆಯ ‘ನಾವು’ ಇಷ್ಟು ದಿನ ಎಂಕುಲು ಆಗಿತ್ತು. ಡೇಮಿಯನ್ ಅವರದು ನಮ.

ಇದು ಎಲ್ಲೋ ಹವಾಯಿಯ ಕಥೆ ಅಂದುಕೊಳ್ಳಬೇಡಿ. ಮಂಗಳೂರಿಗೆ ಹೋದವರು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ನೋಡಿರ್ತೀರಿ. ಆ ಹೆಸರಿನ ಹಿಂದೆ ಇರುವವರು ಅಗಸ್ಟಸ್ ಮುಲ್ಲರ್, ಜರ್ಮನಿಯ ಯೇಸುಸಭೆಯ ಪಾದ್ರಿ. ಬಡವರಿಗೆ ಹೋಮಿಯೋಪತಿ ಔಷಧಿ ಕೊಡೋಕೆ ಅವರು ಶುರು ಮಾಡಿದ್ದು 1880ರಲ್ಲಿ. ಕುಷ್ಠರೋಗಿಗಳ ಆಸ್ಪತ್ರೆ 1890ರಲ್ಲಿ, ಡೇಮಿಯನ್ ತೀರಿಕೊಂಡ ಮರುವರ್ಷ. ನಮ್ಮಲ್ಲೊಬ್ಬ ಹುಟ್ಟಿದ್ದು ಮುಲ್ಲರ್ ಆಸ್ಪತ್ರೆಯಲ್ಲೇ. ಪಕ್ಕದ ವಾರ್ಡುಗಳಲ್ಲಿ ಹಿಂದೂಗಳು, ಬ್ಯಾರಿಗಳು, ಎಲ್ಲರೂ ಇದ್ದರು ಅಂತ ಅವನಮ್ಮ ಹೇಳ್ತಾರೆ. ಚರ್ಚಿನೊಳಗೆ ಶುರುವಾದ ಒಂದು ಪ್ರೀತಿ ಚರ್ಚಿಗೆ ಯಾವತ್ತೂ ಬರದವರ ಹಾಸಿಗೆವರೆಗೆ ನಡೆದು ಹೋಗಿದೆ.

ಈಗ ನೀವು ಕೇಳೋ ಪ್ರಶ್ನೆ ಗೊತ್ತು, ಮೆಸ್‌ನಲ್ಲಿ ಆಗಲೇ ಕೇಳಿದ್ದಾರೆ: “ಅಲ್ಲ ಮಾರಾಯ, ಇದೆಲ್ಲ ಕೊನೆಗೆ ಮತಾಂತರಕ್ಕೇ ಅಲ್ವಾ?” ಈ ಪ್ರಶ್ನೆಗೆ ಸಿಟ್ಟಾಗೋದು ಸುಲಭ. ಆದರೆ ನ್ಯಾಯವಾಗಿ ಮಾತಾಡಬೇಕು. ಮಿಷನರಿಗಳು ಬಂದಿದ್ದು ತಮ್ಮ ನಂಬಿಕೆ ಹರಡೋಕೆ, ಅದನ್ನ ಮುಚ್ಚಿಡಬೇಕಾಗಿಲ್ಲ. ಕನ್ನಡ ಸಂಘದಲ್ಲಿ ನಾವೆಲ್ಲ ಗೌರವಿಸುವ ಕಿಟ್ಟೆಲ್ ಕೂಡ 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಬಂದವರೇ. ಆದರೆ 1894ರಲ್ಲಿ ಹೊರಬಂದ ಅವರ ನಿಘಂಟು ತೆರೆಯೋಕೆ ಯಾರೂ ಬ್ಯಾಪ್ಟಿಸಮ್ ಸರ್ಟಿಫಿಕೇಟ್ ತೋರಿಸಬೇಕಾಗಿಲ್ಲ. ನೂರಾರು ವರ್ಷದ ಕನ್ನಡ ಕಾವ್ಯಗಳನ್ನ, ಅವುಗಳಲ್ಲಿ ಬಹುಪಾಲು ಜೈನರು, ವೀರಶೈವರು, ವೈಷ್ಣವರು ಬರೆದಿದ್ದನ್ನ, ಗೌರವದಿಂದ ಓದದೇ ಅಂಥ ಪುಸ್ತಕ ಮಾಡೋಕೆ ಸಾಧ್ಯವಿರಲಿಲ್ಲ.

ನಮ್ಮ ಅಭಿಪ್ರಾಯ ಇದು. ಎದುರಿನವನು “ನಿಮ್ಮ ದೇವರು ನನಗೆ ಬೇಡ” ಅಂದ ದಿನವೇ ನಮ್ಮ ಪ್ರೀತಿ ನಿಂತುಹೋದರೆ, ಅದು ಪ್ರೀತಿ ಆಗಿರಲೇ ಇಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಅಂಥದ್ದು ನಮ್ಮವರಿಂದ ಎಲ್ಲೆಲ್ಲಿ ಆಗಿದೆಯೋ ಅದು ತಪ್ಪು. ದೇವರ ಹತ್ತಿರ ಹೋದವನಿಗೆ ಈ ಗಾಳ ಹಿಡಿಯೋಕೆ ಕಷ್ಟವಾಗಬೇಕು. ಯಾಕಂದರೆ ಒಳ್ಳೆಯವರು ಕೆಟ್ಟವರು ಅಂತ ನೋಡದೆ ಎಲ್ಲರ ಮೇಲೂ ಬೀಳುವ ಬಿಸಿಲು ಮಳೆಯ ಹಾಗೆ ಪ್ರೀತಿಸಿ ಅಂತ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಕಲಿಸಿದ್ದನ್ನ ಅವನು ದಿನಾ ಓದ್ತಾನೆ. ಮಳೆ ಹೊಲದವನ ಹತ್ತಿರ ಸಹಿ ತಗೊಂಡು ಸುರಿಯಲ್ಲ.

ಹಾಗಿದ್ದರೆ ದೇವರೇ ಬೇಡ ಅನ್ನುವ ನಮ್ಮ ಗೆಳೆಯನ ಕಥೆ ಏನು? ಈ ಬರಹದ ಮೊದಲ ಪ್ರತಿ ಅವನಿಗೇ ತೋರಿಸಿದ್ವಿ. ಓದಿ ನಕ್ಕ. “ನನಗೆ ಆಟೊ ಕರೆಯೋಕೆ ದೇವರು ಬೇಕಾಗಲಿಲ್ಲವಲ್ಲ” ಅಂದ. ನಿಜ, ಬೇಕಾಗಲಿಲ್ಲ. ಕ್ರೈಸ್ತರಿಗೆ ಮಾತ್ರ ಪ್ರೀತಿಸೋಕೆ ಬರತ್ತೆ ಅಂತ ನಾವು ಹೇಳಿದರೆ ಸಮಾರ್ಯದವನ ಕಥೆಯೇ ನಮ್ಮನ್ನ ಸುಳ್ಳುಗಾರರು ಅನ್ನತ್ತೆ. ನಾವು ಹೇಳೋದು ನಮ್ಮ ವಿಷಯ ಮಾತ್ರ. ನಮಗೆ ಬೇಗ ಬೇಜಾರಾಗತ್ತೆ, ಬೇಗ ಸುಸ್ತಾಗತ್ತೆ, ನಮ್ಮವರು ಹೊರಗಿನವರು ಅಂತ ಗೊತ್ತಿಲ್ಲದೇ ಲೆಕ್ಕ ಹಾಕ್ತೀವಿ. ಪ್ರಾರ್ಥನೆಯಲ್ಲಿ ದೇವರ ಮುಂದೆ ಸುಮ್ಮನೆ ಕೂತಾಗ ಆ ಲೆಕ್ಕದಲ್ಲಿ ನಾವೂ ಹೊರಗಿನವರೇ, ಕರುಣೆಯಿಂದ ಒಳಗೆ ಬಂದವರು ಅಂತ ಗೊತ್ತಾಗತ್ತೆ. ಅದು ಗೊತ್ತಾದ ಮೇಲೂ ಪಕ್ಕದ ರೂಮಿನ ಚಪ್ಪಲಿ ದಾಟಿಕೊಂಡು ಹೋದರೆ, ನಾವು ಹತ್ತಿರ ಕೂತಿದ್ದು ದೇವರಿಗಲ್ಲ, ಗಿಟಾರಿಗೆ.

ಈಗ ಒಂದು ಸಣ್ಣ ಬದಲಾವಣೆ ಮಾಡಿದ್ದೀವಿ. ಶುಕ್ರವಾರ ಕೂರುವ ಮೊದಲು ಸರದಿಯ ಪ್ರಕಾರ ಒಬ್ಬ ನಮ್ಮ ಮಹಡಿಯ ಎಲ್ಲ ಬಾಗಿಲು ತಟ್ಟಿ ಬರ್ತಾನೆ. ಪ್ರಾರ್ಥನೆಗೆ ಬನ್ನಿ ಅಂತ ಕರೆಯೋಕಲ್ಲ. “ಊಟ ಆಯ್ತಾ? ಹುಷಾರಿದ್ದೀಯಾ?” ಅಷ್ಟೇ. ಮೊದಲ ವಾರ ಏನೋ ಮಾರೋಕೆ ಬಂದಿದ್ದಾರೆ ಅಂದುಕೊಂಡು ಇಬ್ಬರು ಬಾಗಿಲೇ ತೆಗೀಲಿಲ್ಲ. ಮೂರನೇ ವಾರ ಒಬ್ಬ ಸೀನಿಯರ್ ಬಾಗಿಲಲ್ಲೇ ನಿಲ್ಲಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ನಾಲ್ಕು ಬ್ಯಾಕ್‌ಲಾಗ್ ಇದೆಯಂತೆ, ಮನೆಯಲ್ಲಿ ಹೇಳಿಲ್ಲವಂತೆ. ಅವತ್ತು ಪ್ರಾರ್ಥನೆ ತಡವಾಗಿ ಶುರುವಾಯ್ತು. ಕಣ್ಣು ಮುಚ್ಚಿದಾಗ ಲೋಕದ ಎಲ್ಲರೂ ನೆನಪಿಗೆ ಬರಲಿಲ್ಲ, ಆ ಒಬ್ಬರೇ ಬಂದರು.

ವೃದ್ಧಾಶ್ರಮಕ್ಕೂ ಹೋಗಿದ್ವಿ, ಕೇಕ್ ಇಲ್ಲದೆ. ಕೈ ಹಿಡ್ಕೊಂಡಿದ್ದ ಅಜ್ಜಿ ಈಗ ಇಲ್ಲ. ಅವರ ಮಂಚದಲ್ಲಿ ಬೇರೆ ಯಾರೋ ಇದ್ದರು. ಕೂತು ಮಾತಾಡಿ ಬಂದ್ವಿ. ಮುಂದಿನ ತಿಂಗಳು ಎರಡನೇ ಶನಿವಾರ ಅಂತ ಬರೆದಿಟ್ಟುಕೊಂಡಿದ್ದೀವಿ.

ಕೊನೆಗೆ, ನಮ್ಮ ಮಹಡಿಯವರಿಗೆ ಒಂದು ವಿನಂತಿ. ನಾವು ಮರೆಯುವ ಜನ. ಇನ್ನೊಂದು ಸಲ ನಾವು ಹಾಡ್ತಿರುವಾಗ ನಿಮಗೆ ಮೈ ಹುಷಾರಿಲ್ಲದಿದ್ದರೆ ಹಾಡು ಮುಗಿಯಲಿ ಅಂತ ಕಾಯಬೇಡಿ. ಗೋಡೆ ಗುದ್ದಿ. ನಾಲ್ಕೂವರೆ ಇಂಚು ಅಷ್ಟೇ, ಕೇಳಿಸತ್ತೆ.